ಸೋಮವ್ವ ಪ್ರವಾಸದಲ್ಲಿದ್ದಾಳೆ

ಗೋರೆಗಾಂವ್, ಮುಂಬಯಿ
26 ಸೆಪ್ಟೆಂಬರ್ 1983

ಚಿ. ಸೋಮವ್ವನಿಗೆ ಸುಬ್ಬಲಕ್ಷ್ಮಿ ಟೀಚರ್ ಮಾಡುವ ಆಶೀರ್ವಾದ.

ಗಣಪತಿ ಹಬ್ಬದ ರಜೆ ಮುಗಿದು ಶಾಲೆ ಶುರುವಾಗಿ ಹತ್ತು ದಿನವಾಯಿತು. ಹಾಜರಿ ಕೂಗುವಾಗ ನಿನ್ನ ಹೆಸರು ಬಂದರೆ ಎಲ್ಲರೂ ಬಾಗಿಲ ಕಡೆ ನೋಡುತ್ತಾರೆ. ಮೊನ್ನೆ ನಿನ್ನ ಅಪ್ಪ ಅಣವೀರಪ್ಪನವರು ಸ್ಟೇಷನ್ ರಸ್ತೆಯಲ್ಲಿ ಸಿಕ್ಕರು. ಮಿಲ್ಲಿನ ಮುಷ್ಕರ ಶುರುವಾದಾಗಿನಿಂದ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದಾರಂತೆ, ಮೈಯೆಲ್ಲ ಸಿಮೆಂಟಾಗಿತ್ತು.

“ಹಿರೀ ಮಗಳು ಮಲ್ಲವ್ವನ ಮನೀಗೆ ಕಳಿಸೇನ್ರಿ ಟೀಚರ್. ಬಾದಾಮಿ ಕಡೆ. ಕೂಸು ಸಣ್ಣದೈತಿ, ನೋಡ್ಕೊಳ್ಳಾಕ ಒಂದು ಕೈ ಬೇಕು” ಎಂದರು. ಯಾವಾಗ ಬರುತ್ತಾಳೆ ಎಂದು ಕೇಳಿದೆ. “ಬರ್ತಾಳ್ರಿ” ಎಂದು ಹೇಳಿ ಹೊರಟುಹೋದರು. ವಿಳಾಸ ಮಾತ್ರ ಸಿಕ್ಕಿತು.

ನಿಯಮ ನಿನಗೆ ಗೊತ್ತಿರಲಿ. ಸತತ ಎರಡು ತಿಂಗಳು ಬಾರದಿದ್ದರೆ ಹೆಸರು ಹೊಡೆಯಬೇಕು. ಹೆಸರು ಹೋದರೆ ಏಪ್ರಿಲ್‌ನಲ್ಲಿ ಏಳನೇ ಇಯತ್ತೆಯ ಪರೀಕ್ಷೆಗೆ ಕೂರುವಂತಿಲ್ಲ. ಏಳು ವರ್ಷ ಓದಿದ್ದಕ್ಕೆ ಒಂದು ಕಾಗದವೂ ನಿನ್ನ ಕೈಯಲ್ಲಿ ಉಳಿಯುವುದಿಲ್ಲ.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ನಮ್ಮ ಶನಿವಾರದ ಪ್ರವಾಸಗಳು ನೆನಪಿವೆಯಲ್ಲ? ಡಬ್ಬಾ ಹಿಡಿದು ಸಾಲಾಗಿ ವರಾಂಡ ಸುತ್ತಿ, ಸಿಪಾಯಿ ಶಂಕ್ರೆಪ್ಪ ಗಂಟೆ ಹೊಡೆದ ಮೇಲೆ ಕತ್ತಲೆ ಕೋಣೆಯೊಳಗೆ ‘ಇಳಿಯುವುದು’. ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರೂ “ಖಿಡಕಿ ಸೀಟ್ ನನ್ದು” ಎಂದು ಹೊಡೆದಾಡುತ್ತಿದ್ದಿರಲ್ಲ. ಜುಲೈನಿಂದ ಬಾದಾಮಿಯ ಸ್ಲೈಡುಗಳನ್ನು ಗೋಡೆಯ ಮೇಲೆ ನಾಲ್ಕು ಸಲ ನೋಡಿದ್ದೇವೆ. ನಾನು ಮೈಸೂರಿನವಳು, ಬಾದಾಮಿ ಕಂಡವಳಲ್ಲ. ನಮ್ಮಲ್ಲಿ ನಿಜವಾಗಿ ಅಲ್ಲಿಗೆ ಮುಟ್ಟಿದವಳು ನೀನೊಬ್ಬಳೇ.

ನಿನ್ನ ಅಕ್ಕನ ಊರಿನಿಂದ ಅದು ಒಂಬತ್ತೇ ಮೈಲಿ ಎಂದು ಅಪ್ಪ ಹೇಳಿದರು. ನೀನು ಹೋಗಿ ನೋಡಿ, ತರಗತಿಗಾಗಿ ವರದಿ ಬರೆದು ಕಳಿಸು. ಬರೆಯುವ ತನಕ ನಾನು ಹಾಜರಿ ಪುಸ್ತಕದಲ್ಲಿ ‘ಸೋಮವ್ವ ಪ್ರವಾಸದಲ್ಲಿದ್ದಾಳೆ’ ಎಂದು ಬರೆದು ಹಾಜರಿ ಹಾಕುತ್ತೇನೆ. ಪರೀಕ್ಷೆಯ ಹೊತ್ತಿಗೆ ಬಂದುಬಿಡು.

ಅಕ್ಕನಿಗೆ ನನ್ನ ಆಶೀರ್ವಾದ ಹೇಳು. ಬಾಣಂತಿ, ತಣ್ಣೀರು ಮುಟ್ಟಗೊಡಬೇಡ.

ಸುಬ್ಬಲಕ್ಷ್ಮಿ

*

ಕೆಂಗಲ್ಲೂರು, ಬಾದಾಮಿ ತಾಲೂಕು
9 ಅಕ್ಟೋಬರ್ 1983

ಟೀಚರಿಗೆ ಸೋಮವ್ವ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಭಾವನ ಹಿಟ್ಟಿನ ಗಿರಣಿಗೆ ಪೋಸ್ಟ್ ಬರುತ್ತದೆ. ಭಾವನಿಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದೆ.

ನಾನು ಚೆನ್ನಾಗಿದ್ದೇನೆ. ಕೂಸು ಹೆಣ್ಣು. ಅದಕ್ಕೆ ಈಗ ಎರಡು ತಿಂಗಳು. ಆಡಿನ ಹಾಲು ಕುಡಿಯುತ್ತದೆ. ಬಟ್ಟೆಯ ಬತ್ತಿ ಅದ್ದಿ ಕುಡಿಸುತ್ತೇನೆ. ಮೊದಲು ನನಗೆ ಬರುತ್ತಿರಲಿಲ್ಲ, ಈಗ ಬರುತ್ತದೆ.

ಹಾಜರಿ ಹಾಕುತ್ತೀರಿ ಎಂಬುದನ್ನು ಎರಡು ಸಲ ಓದಿದೆ. ನಾನು ಹೋಗಿ ನೋಡಿ ಬರೆಯುತ್ತೇನೆ. ಹೆಸರು ಹೊಡೆಯಬೇಡಿ.

ನಿಮ್ಮ ವಿದ್ಯಾರ್ಥಿನಿ
ಸೋಮವ್ವ

*

ಗೋರೆಗಾಂವ್
22 ಅಕ್ಟೋಬರ್ 1983

ಚಿ. ಸೋಮವ್ವ,

ನಿನ್ನ ಪತ್ರವನ್ನು ಚೆಂಬೂರಿನ ಮನೆಯಿಂದ ಬರುವಾಗ ಲೋಕಲ್‌ನಲ್ಲಿ ಓದಿದೆ. ಕುರ್ಲಾದಲ್ಲಿ ಇಳಿಯುವುದನ್ನು ಮರೆತೆ. ಆಡಿನ ಹಾಲೇಕೆ? ಅಕ್ಕನಿಗೆ ಹಾಲು ಸಾಲದೆ? ಬೆಳ್ಳುಳ್ಳಿ ಹುರಿದು ಕೊಡಲು ಅವಳ ಅತ್ತೆಗೆ ಹೇಳು. ಮೆಂತ್ಯದ ಗಂಜಿಯೂ ಒಳ್ಳೆಯದು.

ತರಗತಿಯಲ್ಲಿ ನೀನು ಹೋಗುತ್ತೀ ಎಂದು ಹೇಳಿದ್ದೇ ತಡ, ಹುಡುಗರು ಪ್ರಶ್ನೆಗಳ ಮೇಲೆ ಪ್ರಶ್ನೆ ಬರೆಸಿದರು. ಐತ ಕೇಳುತ್ತಾನೆ: ಕುಣಿಯುವ ಶಿವನಿಗೆ ನಿಜವಾಗಿ ಹದಿನೆಂಟು ಕೈಯಾ, ಎಣಿಸು. ವಾರಿಜಾ ಕೇಳುತ್ತಾಳೆ: ಬಂಡೆಯ ಬಣ್ಣ ಸ್ಲೈಡಿನಲ್ಲಿದ್ದಷ್ಟೇ ಕೆಂಪಾ, ಅಥವಾ ಪ್ರೊಜೆಕ್ಟರಿನ ದೀಪದಿಂದ ಹಾಗೆ ಕಾಣುತ್ತದಾ? ದೂಜನ ಪ್ರಶ್ನೆ ನಿನಗೆ ಗೊತ್ತೇ ಇದೆ. ಅಲ್ಲಿ ವಡಾಪಾವ್ ಸಿಗುತ್ತದಾ?

ಅಕ್ಕನಿಗೆ ಆಶೀರ್ವಾದ ಹೇಳಿದೆಯಾ? ನೀನು ಬರೆದಿಲ್ಲ.

ಸುಬ್ಬಲಕ್ಷ್ಮಿ

*

ಕೆಂಗಲ್ಲೂರು
14 ನವೆಂಬರ್ 1983

ಟೀಚರಿಗೆ ನಮಸ್ಕಾರಗಳು.

ನೀವು ಅಕ್ಕನಿಗೆ ಹೇಳಿದ ಆಶೀರ್ವಾದ ಓದಿದೆ. ದೀಪಾವಳಿ ಆಯಿತು.

ವರದಿ ಬರೆದಿದ್ದೇನೆ. ತರಗತಿಗೆ ಓದಿ ಹೇಳಿರಿ.

ಬಾದಾಮಿ. ಊರ ಪಕ್ಕದಲ್ಲೇ ಕೆಂಪು ಬೆಟ್ಟ. ಬಂಡೆ ಕೆಂಪೇ ಇದೆ, ದೀಪದ ಬಣ್ಣವಲ್ಲ. ಮೆಟ್ಟಿಲು ಹತ್ತಿದರೆ ಮೊದಲನೆಯ ಗುಹೆ. ಒಳಗೆ ಹೋಗುವ ಮೊದಲೇ ಎಡಗಡೆ ಬಂಡೆಯಲ್ಲಿ ಕುಣಿಯುವ ಶಿವ ಇದ್ದಾನೆ. ಎಣಿಸಿದೆ, ಹದಿನೆಂಟು ಕೈ. ಒಂದು ಕೈಯಲ್ಲಿ ಹಾವು. ಬಲಗಡೆ ದ್ವಾರಪಾಲಕ. ಅವನ ಕಾಲ ಹತ್ತಿರ ಒಂದು ಪ್ರಾಣಿ, ಒಂದು ಕಡೆಯಿಂದ ಆನೆ, ಇನ್ನೊಂದು ಕಡೆಯಿಂದ ಎತ್ತು. ಎರಡಕ್ಕೂ ಒಂದೇ ಮುಖ. ಕೆಳಗೆ ಕೆರೆ ಇದೆ, ನೀರು ಹಸಿರು. ಬಟ್ಟೆ ಒಗೆಯುವ ಸಪ್ಪಳ ಮೇಲೆ ಬರುತ್ತದೆ. ಒಬ್ಬರು ಕಲ್ಲಿಗೆ ಬಡಿದರೆ ಎದುರಿನ ಬೆಟ್ಟವೂ ಬಡಿಯುತ್ತದೆ.

ವಡಾಪಾವ್ ಸಿಗುವುದಿಲ್ಲ.

ಅತ್ತೆಯವರಿಗೆ ಮೊಣಕಾಲು ಹಿಡಿದಿದೆ. ರೊಟ್ಟಿ ನಾನೇ ಮಾಡುತ್ತೇನೆ.

ಸೋಮವ್ವ

*

ಗೋರೆಗಾಂವ್
28 ನವೆಂಬರ್ 1983

ಚಿ. ಸೋಮವ್ವ,

ಇಂಥ ವರದಿಯನ್ನು ನನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ ಯಾವ ಮಗುವೂ ಬರೆದದ್ದಿಲ್ಲ. ಬಟ್ಟೆ ಒಗೆಯುವ ಸಪ್ಪಳ ಸ್ಲೈಡಿನಲ್ಲಿ ಕೇಳಿಸುತ್ತದೆಯೇ? ಅದು ಹೋದವರಿಗೆ ಮಾತ್ರ ಕೇಳಿಸುತ್ತದೆ ಎಂದು ತರಗತಿಗೆ ಹೇಳಿದೆ. ನಿನ್ನ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ.

ಕಳೆದ ವಾರ ತಪಾಸಣೆಗೆ ಸಾಹೇಬರು ಬಂದಿದ್ದರು. ಮಕ್ಕಳನ್ನು ಎಣಿಸಿ, “ಒಂದು ಕಡಿಮೆ ಇದೆಯಲ್ಲ ಟೀಚರ್?” ಎಂದು ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇಡೀ ತರಗತಿ ಎದ್ದು ನಿಂತು ಕೂಗಿತು: “ಸೋಮವ್ವ ಪ್ರವಾಸದಲ್ಲಿದ್ದಾಳೆ ಸಾಹೇಬ್!” ಸಾಹೇಬರಿಗೆ ಕನ್ನಡ ಬಾರದು. ಅರ್ಥ ಹೇಳಿದೆ, ನಿನ್ನ ಹಾಳೆ ತೋರಿಸಿದೆ. ಅಕ್ಷರಗಳು ದುಂಡಗಿವೆ ಎಂದು ಹೊಗಳಿ ಚಹಾ ಕುಡಿದು ಹೋದರು.

ಮುಂದೆ ಐಹೊಳೆಗೆ ಹೋಗು. ಭಾವನವರನ್ನು ಕರೆದುಕೊಂಡು ಹೋಗು, ಒಬ್ಬಳೇ ಬೇಡ. ಅಕ್ಕನೂ ಬರಲಿ. ಕೂಸಿಗೂ ಬಿಸಿಲು ಒಳ್ಳೆಯದು.

ಸುಬ್ಬಲಕ್ಷ್ಮಿ

*

ಕೆಂಗಲ್ಲೂರು
20 ಡಿಸೆಂಬರ್ 1983

ಟೀಚರಿಗೆ ನಮಸ್ಕಾರಗಳು.

ಐಹೊಳೆ. ಅಲ್ಲಿ ಹೆಜ್ಜೆಗೊಂದು ಗುಡಿ. ಒಂದು ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ. ಸುತ್ತಲೂ ಕಂಬದ ಸಾಲು. ಸುತ್ತು ಬಂದರೆ ಎಲ್ಲಿ ಶುರು ಮಾಡಿದೆವು ಎಂದು ತಿಳಿಯುವುದಿಲ್ಲ. ಕೆಲವು ಗುಡಿಗಳಲ್ಲಿ ಹಿಂದೆ ಜನ ಸಂಸಾರ ಮಾಡಿದ್ದರು ಎಂದು ನೀವು ಹೇಳಿದ್ದಿರಿ. ಒಲೆಯ ಹೊಗೆ ಗೋಡೆಯ ಮೇಲೆ ಇನ್ನೂ ಇದೆ.

ಇಷ್ಟೇ ನೋಡಿದ್ದು.

ಕೂಸು ಈಗ ಕುತ್ತಿಗೆ ನಿಲ್ಲಿಸುತ್ತದೆ. ನಾನು ಕಣ್ಣಿಗೆ ಬೀಳದಿದ್ದರೆ ಅಳುತ್ತದೆ. ಅಪ್ಪ ಬಂದು ಹೋದರು. ಯುಗಾದಿ ಆದ ಮೇಲೆ ನನಗೆ ಹಸಿರು ಬಳೆ ಇಡಿಸುತ್ತಾರಂತೆ. ಅತ್ತೆಯವರು ಹೇಳಿದರು.

ಹಾಜರಿ ಹಾಕುತ್ತಿದ್ದೀರಲ್ಲ?

ಸೋಮವ್ವ

*

ಗೋರೆಗಾಂವ್
2 ಜನವರಿ 1984

ಚಿ. ಸೋಮವ್ವ,

ಹಾಕುತ್ತಿದ್ದೇನೆ. ಡಿಸೆಂಬರ್ ಪೂರ್ತಿ ಹಾಜರಿದ್ದೀ.

ಅಪ್ಪ ಬಂದಿದ್ದರೆಂದು ಓದಿ ಸಂತೋಷವಾಯಿತು. ಹಬ್ಬಕ್ಕೆ ಬಳೆ ಇಡಿಸಿಕೊಂಡು, ಅದೇ ವಾರ ಹೊರಟು ಬಾ. ಯುಗಾದಿ ಏಪ್ರಿಲ್ ಎರಡಕ್ಕೆ, ಪರೀಕ್ಷೆ ಹದಿನಾರಕ್ಕೆ. ಗಣಿತದಲ್ಲಿ ನೀನು ಹಿಂದೆ ಬಿದ್ದಿರುತ್ತೀ, ಬಂದ ಮೇಲೆ ದಿನಾ ಒಂದು ಗಂಟೆ ನಾನೇ ಹೇಳಿಕೊಡುತ್ತೇನೆ.

ಹೊಸ ಸ್ಲೈಡಿನ ಪೆಟ್ಟಿಗೆ ಕೇಳಿದ್ದೆ, ಪಾಲಿಕೆಯ ವಾರ್ಡ್ ಆಫೀಸಿನಿಂದ ಬರಲಿಲ್ಲ. ಈ ತಿಂಗಳೂ ಬಾದಾಮಿಯೇ. ಮಕ್ಕಳಿಗೆ ಬೇಸರವಿಲ್ಲ. ಈಗ ಅದು ನಿನ್ನ ಊರು.

ಸುಬ್ಬಲಕ್ಷ್ಮಿ

*

ಗೋರೆಗಾಂವ್
23 ಜನವರಿ 1984

ಸೋಮವ್ವ,

ಶನಿವಾರ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಾದಾಮಿಯ ಮೊದಲ ಗುಹೆ ಗೋಡೆಯ ಮೇಲಿತ್ತು. ನಮ್ಮ ಸಿಪಾಯಿ ಶಂಕ್ರೆಪ್ಪ ಸುತ್ತೋಲೆ ಹಿಡಿದುಕೊಂಡು ಒಳಗೆ ಬಂದರು. ಪ್ರತಿಸಲ ಗಂಟೆ ಹೊಡೆದು ಹೊರಗೇ ಇರುತ್ತಿದ್ದರು, ಒಳಗೆ ಬಂದು ನೋಡಿದ್ದು ಇದೇ ಮೊದಲು. ನೋಡಿದವರೇ ನಗಲು ಶುರು ಮಾಡಿದರು.

“ಟೀಚರ್, ಇದು ಉಲ್ಟಾ ಐತ್ರಿ. ಕುಣಿಯೋ ಶಿವ ಬಲಕ್ಕದಾನ. ನೀವು ಎಡಕ್ಕ ಕುಣಸಾಕತ್ತೀರಿ.”

ಹುಡುಗರು ಬಿಡುತ್ತಾರೆಯೇ? “ಏ ಕಾಕಾ, ನಿನ್ಗೇನ್ ಗೊತ್ತು? ಸೋಮವ್ವ ಹೋಗಿ ನೋಡ್ಕೊಂಡ್ ಬಂದಾಳ. ಎಡಕ್ಕೆ ಅಂತ ಬರ್ದಾಳ. ಗೋಡೆ ಮ್ಯಾಲೆ ಓದ್ಕೋ.”

“ಲೇ, ನಾ ಆ ಗುಡ್ಡದ ಬುಡಕ್ಕ ದನಾ ಕಾಯ್ದಂವ. ಮಳಿ ಬಂದ್ರ ಅದ ಶಿವನ ಕಾಲ ಕೆಳಗ ಕುಂತಂವ. ನನಗ ಎಡಾ ಬಲಾ ಹೇಳ್ತೀರೇನ್ಲೇ?”

“ಝೂಟಾ! ಕಾಕಾ ಝೂಟಾ!”

ಎಲ್ಲರೂ ನನ್ನನ್ನು ನೋಡಿದರು. ನಾನು ಹೇಳಿದೆ, “ಶಂಕ್ರೆಪ್ಪನವರು ಊರು ಬಿಟ್ಟು ಬಹಳ ವರ್ಷವಾಯಿತು. ಮರೆತಿರಬಹುದು.” ಶಂಕ್ರೆಪ್ಪ ಸುತ್ತೋಲೆಗೆ ನನ್ನ ಸಹಿ ತೆಗೆದುಕೊಂಡು ಹೋದರು.

ಸೋಮವಾರ, ಎಂದರೆ ಇವತ್ತು, ಪ್ರೊಜೆಕ್ಟರ್ ಹಿಂತಿರುಗಿಸುವಾಗ ವಾರ್ಡ್ ಆಫೀಸಿನ ಗುಮಾಸ್ತನನ್ನು ಕೇಳಿದೆ. ಪ್ರತಿ ಸ್ಲೈಡಿನ ಚೌಕಟ್ಟಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ ಇರುತ್ತದೆ. ಹಾಕುವಾಗ ಬಲಗೈ ಹೆಬ್ಬೆರಳು ಆ ಚುಕ್ಕಿಯ ಮೇಲೆ ಬರಬೇಕಂತೆ. ನಾನು ಅದನ್ನು ದಾಸ್ತಾನಿನ ಗುರುತು ಎಂದು ತಿಳಿದಿದ್ದೆ. ಜುಲೈನಿಂದ ಮೂವತ್ತಾರು ಸ್ಲೈಡುಗಳನ್ನೂ ಹಿಂದುಮುಂದಾಗಿ ಹಾಕಿದ್ದೇನೆ. ಬಂಡೆಯ ಮೇಲಿನ ಶಾಸನದ ಸ್ಲೈಡೂ ತಿರುಗಾಮುರುಗಾ ಇತ್ತು. ಹಳೆಯ ಲಿಪಿ, ನಮಗೆ ಯಾರಿಗೂ ಓದಲು ಬರುತ್ತಿರಲಿಲ್ಲ, ಆದ್ದರಿಂದ ತಿಳಿಯಲಿಲ್ಲ.

ಶಿವ ಬಲಗಡೆ ಇದ್ದಾನೆ, ಸೋಮವ್ವ. ಹೋಗಿ ನಿಂತವರಿಗೆ ಎಡಗಡೆ ಕಾಣಲು ಸಾಧ್ಯವಿಲ್ಲ.

ಮಧ್ಯಾಹ್ನ ಶಂಕ್ರೆಪ್ಪನವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. “ಇರ್ಲಿ ಬಿಡ್ರಿ. ಆ ಹುಡುಗಿ ಎಲ್ಲಿ ಹೋಗ್ತದ ಗುಡ್ಡಾ ನೋಡಾಕ? ಅಣವೀರಪ್ಪನ ಹಿರೀ ಮಗಳು ಹಡದು ಮೂರನೇ ದಿನಕ್ಕ ಹೋದ್ಲು. ಶ್ರಾವಣದಾಗ. ನಿಮಗ ಗೊತ್ತಿಲ್ಲೇನ್ರಿ?” ಎಂದರು.

ನನಗೆ ಗೊತ್ತಿರಲಿಲ್ಲ. ಇಲ್ಲದವಳಿಗೆ ಆಶೀರ್ವಾದ ಕಳಿಸಿದೆ. ಬೆಳ್ಳುಳ್ಳಿ ಹುರಿದು ಕೊಡು ಎಂದು ಬರೆದೆ. ಮದುವಣಗಿತ್ತಿಗೆ ಇಡಿಸುವ ಹಸಿರು ಬಳೆಯನ್ನು ಹಬ್ಬದ ಬಳೆ ಎಂದುಕೊಂಡೆ. ನನಗೆ ವಯಸ್ಸು ನಲವತ್ತೊಂದು, ಬಳೆ ಯಾವುದಕ್ಕೆ ಎಂದು ತಿಳಿಯದವಳಲ್ಲ. ತಿಳಿಯಬಾರದೆಂದು ಬೇಗ ಬೇಗ ಓದಿದೆ.

ಇನ್ನೊಂದನ್ನೂ ಹೇಳಬೇಕು. ಏಳನೇ ಇಯತ್ತೆಯಲ್ಲಿ ಹದಿನೈದು ಹೆಸರಿದ್ದರೆ ಮಾತ್ರ ತರಗತಿ ನಡೆಸಬಹುದು. ಹದಿನಾಲ್ಕಾದರೆ ಮುಚ್ಚಿ, ಮಕ್ಕಳನ್ನು ಎರಡು ಸ್ಟೇಷನ್ ಆಚೆಯ ಶಾಲೆಗೆ ಕಳಿಸುತ್ತಾರೆ. ಅರ್ಧ ಮಕ್ಕಳು ಅಲ್ಲಿಗೆ ಹೋಗುವುದೇ ಇಲ್ಲ. ಹದಿನೈದನೆಯವಳು ನೀನು. ನಿನಗಾಗಿ ಹಾಜರಿ ಹಾಕಿದೆ ಎಂದು ನಾನೇ ನಂಬಿದ್ದೆ.

ನಿಜ ಏನೆಂದು ಬರೆ.

ಸುಬ್ಬಲಕ್ಷ್ಮಿ

*

ಕೆಂಗಲ್ಲೂರು
12 ಫೆಬ್ರವರಿ 1984

ಟೀಚರಿಗೆ ನಮಸ್ಕಾರಗಳು.

ನಾನು ಬಾದಾಮಿಗೆ ಹೋಗಿಲ್ಲ. ಐಹೊಳೆಗೂ ಹೋಗಿಲ್ಲ. ಸಂತೆಯ ದಿನ ಬಸ್ಸು ಬರುತ್ತದೆ. ಕೂಸನ್ನು ಬಿಟ್ಟು ಹೋಗಲು ಬರುವುದಿಲ್ಲ. ಸ್ಲೈಡುಗಳನ್ನು ನೆನಪು ಮಾಡಿಕೊಂಡು ಬರೆದೆ. ಬಟ್ಟೆ ಒಗೆಯುವ ಸಪ್ಪಳ ನಮ್ಮೂರ ಹಳ್ಳದ್ದು.

ಅಕ್ಕ ಹೋದದ್ದನ್ನು ನಾನು ನೋಡಲಿಲ್ಲ. ನಾನು ಬಂದಾಗ ಅವಳ ಸೀರೆಗಳನ್ನು ಹರಿದು ಕೌದಿ ಹೊಲಿಯಲು ಹಾಕಿದ್ದರು. ಅತ್ತೆಯವರು ಕೂಸನ್ನು ನನ್ನ ಉಡಿಯಲ್ಲಿ ಹಾಕಿದರು. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ನಿಮಗೆ ಏಕೆ ಬರೆಯಲಿಲ್ಲ ಎಂದರೆ, ನಿಮ್ಮ ಪತ್ರದಲ್ಲಿ ಅಕ್ಕ ಇದ್ದಳು. ಬೇರೆ ಎಲ್ಲೂ ಇರಲಿಲ್ಲ. ಅದಕ್ಕೆ ತಿದ್ದಲಿಲ್ಲ.

ನಿಮ್ಮ ಪತ್ರಗಳನ್ನು ಭಾವನಿಗೆ ಓದಿ ಹೇಳಬೇಕು. ಅಕ್ಕನಿಗೆ ಆಶೀರ್ವಾದ ಎಂದು ಬರೆದ ಕಡೆ ನಾನು ಹಾರಿಸಲಿಲ್ಲ, ಓದಿದೆ. ಭಾವ ಎದ್ದು ಹೋಗಿ ಗಿರಣಿ ಚಾಲೂ ಮಾಡಿದರು. ಬೀಸಲು ಯಾರೂ ಬಂದಿರಲಿಲ್ಲ. ಬೆಳ್ಳುಳ್ಳಿಯ ಮಾತು ಬಂದಾಗಲೂ ಹಾಗೇ ಮಾಡಿದರು. ಈ ಸಲದ ಪತ್ರ ಓದಿ ಹೇಳಲಿಲ್ಲ. ಶಾಲೆಯ ಸುದ್ದಿ ಎಂದೆ.

ಭಾವ ಕೆಟ್ಟವರಲ್ಲ. ನನ್ನ ಜೊತೆ ಮಾತಾಡುವುದಿಲ್ಲ. ಅವರಿಗೆ ಇಪ್ಪತ್ತೊಂಬತ್ತು ವರ್ಷ.

ಏಪ್ರಿಲ್ ಹನ್ನೆರಡಕ್ಕೆ ಅಕ್ಷತೆ.

ಶಂಕ್ರೆಪ್ಪ ಕಾಕಾ ಹೇಳಿದ್ದು ಸರಿ ಎಂದು ತರಗತಿಗೆ ಹೇಳಿರಿ. ಗೋಡೆಯ ಮೇಲಿನ ನನ್ನ ಹಾಳೆ ಕಿತ್ತುಹಾಕಿರಿ. ಗೈರುಹಾಜರಿ ಯಾವ ದಿನದಿಂದ ಹಾಕುತ್ತೀರಿ? ಮೊದಲಿನಿಂದ ಹಾಕುತ್ತೀರಾ?

ಸೋಮವ್ವ

*

ಗೋರೆಗಾಂವ್
5 ಮಾರ್ಚ್ 1984

ಸೋಮವ್ವ,

ಹಾಳೆ ಕಿತ್ತೆ. ತರಗತಿಯ ಮುಂದೆ ಶಂಕ್ರೆಪ್ಪನವರನ್ನು ಕರೆಸಿ, ಅವರು ಹೇಳಿದ್ದೇ ಸರಿ, ಸ್ಲೈಡು ತಿರುಗಿಸಿ ಹಾಕಿದವಳು ನಾನು ಎಂದೆ. ಸೋಮವ್ವ ನನ್ನ ತಪ್ಪನ್ನೇ ನೋಡಿ ಬರೆದಳು ಎಂದೆ. ಐತ, “ಹಾಗಾದ್ರೆ ಅವಳು ಎಲ್ಲಿದ್ದಾಳೆ ಟೀಚರ್?” ಎಂದ. ಅಕ್ಕನ ಮನೆಯಲ್ಲಿ ಎಂದೆ.

ಭಾನುವಾರ ನಿನ್ನ ಅಪ್ಪನ ಖೋಲಿಗೆ ಹೋಗಿದ್ದೆ. ನಿನ್ನ ಅವ್ವ ಕುರ್ಚಿಯನ್ನು ಪಕ್ಕದ ಮನೆಯಿಂದ ತಂದು ಹಾಕಿದರು. ನಾನು ನೇರವಾಗಿ ಕೇಳಿದೆ. ಅವಳಿಗೆ ಹದಿಮೂರು, ಕಾಯ್ದೆ ಇದೆ, ತಪ್ಪಾಗುತ್ತದೆ ಎಂದೆ.

“ಗೊತ್ತೈತ್ರಿ. ಕಾಯ್ದೆ ಬಂದು ಕೂಸಿಗೆ ಹಾಲು ಕುಡಸ್ತೈತೇನ್ರಿ?” ಎಂದರು ನಿನ್ನ ಅಪ್ಪ.

“ಬೇರೆ ಯಾರನ್ನಾದರೂ ಮದುವೆಯಾಗಲಿ, ದೊಡ್ಡವಳನ್ನ.”

“ಬ್ಯಾರೇದಾಕಿ ಬಂದ್ರ ಕೂಸಿನ ಗತಿ? ನಮ್ಮ ಮಲ್ಲವ್ವಂದ್ರೀ ಅದು. ನೀವ ಹೇಳ್ರಿ, ಯಾರ ಉಡ್ಯಾಗ ಹಾಕ್ಲಿ? ನಿಮ್ಮ ಉಡ್ಯಾಗ ಹಾಕ್ಲೇನು?”

ನಿನ್ನ ಅವ್ವ, “ಟೀಚರಿಗೆ ಹಂಗ ಅನಬ್ಯಾಡ್ರಿ” ಎಂದರು. ಅವರು ಸೆರಗಿನಿಂದ ಸ್ಟೋವ್ ಒರೆಸುತ್ತಲೇ ಇದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ನಾನು ಚಹಾ ಕುಡಿದು ಎದ್ದು ಬಂದೆ.

ಪೊಲೀಸರಿಗೆ ತಿಳಿಸಲೇ? ನೀನು ಹೂಂ ಎಂದರೆ ತಿಳಿಸುತ್ತೇನೆ. ನಿನ್ನ ಅಪ್ಪನಿಗೂ ಭಾವನಿಗೂ ಕಷ್ಟವಾಗುತ್ತದೆ, ಅದನ್ನೂ ಯೋಚಿಸಿ ಬರೆ.

ಇದರ ಜೊತೆ ಎರಡು ಪ್ರಶ್ನೆಪತ್ರಿಕೆಗಳಿವೆ: ಕನ್ನಡ ಮತ್ತು ಇತಿಹಾಸಕ್ಕೆ ಒಂದು, ಗಣಿತಕ್ಕೆ ಒಂದು. ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ಹೇಳಿದೆ, ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಪುಸ್ತಕ ನೋಡದೆ ಬರೆದು, ಏಪ್ರಿಲ್ ಹನ್ನೆರಡರ ಮೊದಲು ಪೋಸ್ಟ್ ಮಾಡು. ಪರೀಕ್ಷೆಗೆ ನೀನು ಬರಲಾಗದಿದ್ದರೆ ಪರೀಕ್ಷೆಯೇ ನಿನ್ನ ಹತ್ತಿರ ಬರಲಿ.

ಗೈರುಹಾಜರಿ ಇನ್ನೂ ಹಾಕಿಲ್ಲ.

ಸುಬ್ಬಲಕ್ಷ್ಮಿ

*

ಕೆಂಗಲ್ಲೂರು
11 ಏಪ್ರಿಲ್ 1984

ಹೆಸರು: ಸೋಮವ್ವ ಅಣವೀರಪ್ಪ
ಇಯತ್ತೆ: ಏಳು
ವಿಷಯ: ಕನ್ನಡ ಮತ್ತು ಇತಿಹಾಸ

ಪ್ರಶ್ನೆ 6. ನೀವು ನೋಡಿದ ಒಂದು ಸ್ಥಳವನ್ನು ವರ್ಣಿಸಿರಿ. ಕಟ್ಟಿಸಿದವರು, ಕಾಲ, ರಚನೆ, ವಿಶೇಷ ಇವುಗಳನ್ನು ಬರೆಯಿರಿ.

ಉತ್ತರ: ನಾನು ನೋಡಿದ ಸ್ಥಳ ನನ್ನ ಅಕ್ಕ ಮಲ್ಲವ್ವನ ಮನೆ. ಇದನ್ನು ಕಟ್ಟಿಸಿದವರು ಭಾವನ ಅಜ್ಜ. ಕಾಲ ಯಾರಿಗೂ ಗೊತ್ತಿಲ್ಲ. ಪ್ಲೇಗು ಬಂದ ಮರುವರ್ಷ ಎನ್ನುತ್ತಾರೆ.

ರಚನೆ: ಹಿಟ್ಟಿನ ಗಿರಣಿಯಿಂದ ನಲವತ್ತು ಹೆಜ್ಜೆ. ಬಾಗಿಲು ಗಿಡ್ಡ, ನಾನೂ ಬಗ್ಗಬೇಕು. ಒಳಗೆ ಹೋದರೆ ಬಲಗಡೆ ಒಲೆ. ಎಡಗಡೆ ನೆಲದೊಳಗಿನ ಜೋಳದ ಹಗೇವು ಮುಚ್ಚಿದ ಕಲ್ಲು. ಮೂರು ಹೆಜ್ಜೆ ನಡೆದರೆ ನಡುಮನೆ. ಅಲ್ಲಿ ಎರಡು ಕಂಬ. ಒಂದು ಕಂಬಕ್ಕೆ ತೊಟ್ಟಿಲಿನ ಹಗ್ಗ ಕಟ್ಟಿದೆ. ಇನ್ನೊಂದು ಕಂಬಕ್ಕೆ ಅತ್ತೆಯವರು ಬೆನ್ನು ಕೊಟ್ಟು ಕೂರುತ್ತಾರೆ. ಬೆಳಕಿಂಡಿ ಒಂದೇ. ಮಧ್ಯಾಹ್ನ ಬಿಸಿಲು ಅದರಿಂದ ಬಂದು ನೆಲದ ಮೇಲೆ ತಟ್ಟೆಯಷ್ಟು ಬೀಳುತ್ತದೆ. ಕೂಸು ಅದನ್ನು ಹಿಡಿಯಲು ಹೋಗುತ್ತದೆ.

ವಿಶೇಷ: ನಡುಮನೆಯ ಗೋಡೆಯಲ್ಲಿ ಸುಣ್ಣದ ಬೊಟ್ಟುಗಳಿವೆ. ಎಣಿಸಿದೆ, ಎಂಟು. ಅಕ್ಕ ತಿಂಗಳಿಗೆ ಒಂದು ಇಡುತ್ತಿದ್ದಳು ಎಂದು ಅತ್ತೆಯವರು ಹೇಳಿದರು. ಒಂಬತ್ತನೆಯ ತಿಂಗಳು ಇಡಲು ಮರೆತಳೋ, ಕೈ ಎತ್ತಲು ಆಗಲಿಲ್ಲವೋ ಗೊತ್ತಿಲ್ಲ. ಮದುವೆಗೆಂದು ಮನೆಗೆ ಸುಣ್ಣ ಹೊಡೆದೆವು. ಭಾವ ಬಂದು ಆ ಗೋಡೆ ಬಿಡು ಎಂದರು. ನನ್ನ ಜೊತೆ ಅವರು ಆಡಿದ ಮಾತು ಅದೊಂದೇ. ಉಳಿದ ಗೋಡೆಗಳು ಬೆಳ್ಳಗಿವೆ, ಅದೊಂದು ಹಳೆಯದಾಗಿದೆ.

ಆ ಗೋಡೆಯ ಕೆಳಗೆ ಅಕ್ಕ ಮಲಗಿದ್ದ ಜಾಗ. ಮೂರು ದಿನ ಮಲಗಿದ್ದಳು. ಅಲ್ಲಿ ಯಾರೂ ಚಾಪೆ ಹಾಸುವುದಿಲ್ಲ. ನಾಳೆಯಿಂದ ನಾನು ಹಾಸಬೇಕು.

ಈ ಸ್ಥಳವನ್ನು ನೋಡಲು ಯಾರೂ ಬರುವುದಿಲ್ಲ.

(ಟೀಚರ್, ಗಣಿತದ ಪತ್ರಿಕೆಯನ್ನು ಕೂಸು ಬಾಯಿಗೆ ಹಾಕಿಕೊಂಡಿತು. ಉಳಿದ ತುಂಡಿನಲ್ಲಿ ಎರಡು ಲೆಕ್ಕ ಇದ್ದವು, ಮಾಡಿದ್ದೇನೆ. ಪೊಲೀಸರು ಬೇಡ. ಕೂಸು ಬೂಟಿನ ಸಪ್ಪಳಕ್ಕೆ ಹೆದರುತ್ತದೆ. ನಾಳೆಯಿಂದ ಹೆಸರಿನ ಮುಂದೆ ಅಪ್ಪನ ಹೆಸರು ಬರೆಯುವಂತಿಲ್ಲವಂತೆ. ಅದಕ್ಕೆ ಇವತ್ತೇ ಬರೆದೆ.)

*

ಗೋರೆಗಾಂವ್
30 ಏಪ್ರಿಲ್ 1984

ಚಿ. ಸೌ. ಸೋಮವ್ವನಿಗೆ,

ನಿನ್ನ ಉತ್ತರಪತ್ರಿಕೆ ಇಪ್ಪತ್ತಾರಕ್ಕೆ ಕೈಸೇರಿತು. ಅಷ್ಟರಲ್ಲಿ ಫಲಿತಾಂಶದ ಪಟ್ಟಿ ಬರೆದು ಕಳಿಸುವ ದಿನ ದಾಟಿತ್ತು. ಇಪ್ಪತ್ನಾಲ್ಕಕ್ಕೇ ನಿನ್ನ ಹೆಸರಿನ ಮುಂದೆ ಐವತ್ತೆರಡು ಎಂದು ಬರೆದುಬಿಟ್ಟಿದ್ದೆ. ನಿನ್ನ ಉತ್ತರ ಓದದೆ ಕೊಟ್ಟ ಅಂಕ ಅದು. ಓದಿದ ಮೇಲೆ ಬದಲಾಯಿಸಲು ಬರುವುದಿಲ್ಲ. ನೀನು ಏಳನೇ ಇಯತ್ತೆ ಪಾಸಾಗಿದ್ದೀ.

ಹಾಜರಿಯ ಪ್ರಶ್ನೆ ನೀನು ಕೇಳಿದ್ದೆ. ಏಪ್ರಿಲ್ ಹನ್ನೊಂದರ ತನಕ ಹಾಜರಿ ಹಾಕಿದ್ದೇನೆ. ಹನ್ನೆರಡಕ್ಕೆ ಗೈರುಹಾಜರಿ. ಪೊಲೀಸರಿಗೆ ತಿಳಿಸಲಿಲ್ಲ. ತಿಳಿಸಬೇಕಿತ್ತೋ ಏನೋ, ನನಗೆ ಗೊತ್ತಿಲ್ಲ. ಲೋಕಲ್‌ನಲ್ಲಿ ಬರುವಾಗ ದಿನವೂ ಇದೇ ಯೋಚನೆ ಬರುತ್ತದೆ, ದಾದರ್ ಬಂದರೆ ಜನ ನೂಕುತ್ತಾರೆ, ಇಳಿಯುತ್ತೇನೆ.

ಕಳೆದ ಶನಿವಾರ ಪ್ರೊಜೆಕ್ಟರ್ ಇರಲಿಲ್ಲ. ನಿನ್ನ ಉತ್ತರವನ್ನು ಮಕ್ಕಳಿಗೆ ಓದಿ ಹೇಳಿ, ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ನಿನ್ನ ಮನೆ ಬರೆದೆ. ಬೆಂಚುಗಳನ್ನು ಹೊರಗಿಟ್ಟೆವು. ಶಂಕ್ರೆಪ್ಪನವರು ಹಗೇವಿನ ಕಲ್ಲು ಎಷ್ಟು ದೊಡ್ಡದಿರುತ್ತದೆ ಎಂದು ತಿದ್ದಿದರು. ಆಮೇಲೆ ಹದಿನಾಲ್ಕು ಮಕ್ಕಳು ಗೇಟಿನಿಂದ ನಲವತ್ತು ಹೆಜ್ಜೆ ಎಣಿಸಿಕೊಂಡು ಬಂದರು. ಅಲ್ಲಿ ಬಾಗಿಲಿರಲಿಲ್ಲ, ಗೆರೆ ಮಾತ್ರ ಇತ್ತು. ಬಗ್ಗಿ ಎಂದು ನಾನು ಹೇಳಿರಲಿಲ್ಲ. ಮುಂದೆ ಇದ್ದ ವಾರಿಜಾ ಗೆರೆಯ ಹತ್ತಿರ ಬಂದು ತಲೆ ಬಗ್ಗಿಸಿದಳು. ಹಿಂದಿನವರೆಲ್ಲ ಬಗ್ಗಿಸಿದರು. ದೂಜ ಎಲ್ಲರಿಗಿಂತ ಎತ್ತರ, ಮೊಣಕಾಲಿಗೆ ಕೈಯೂರಿ ಒಳಗೆ ಬಂದ.

ಗೋಡೆಯ ಕೆಳಗಿನ ಜಾಗವನ್ನು ಒಂದು ಚೌಕ ಮಾಡಿ ಬರೆದಿದ್ದೆ. ಅರ್ಧ ಗಂಟೆ ಆ ಮನೆಯೊಳಗೆ ಓಡಾಡಿದರು. ಯಾರೂ ಅದರ ಮೇಲೆ ಕಾಲಿಡಲಿಲ್ಲ. ಗಂಟೆ ಹೊಡೆದ ಮೇಲೆ ಎಲ್ಲರೂ ಮತ್ತೆ ಬಗ್ಗಿಕೊಂಡೇ ಹೊರಗೆ ಹೋದರು. ನೆಲ ಒರೆಸಬೇಡಿ ಎಂದು ಶಂಕ್ರೆಪ್ಪನವರಿಗೆ ಹೇಳಿದೆ. ಇವತ್ತು ಶಾಲೆಗೆ ರಜೆ ಶುರುವಾಯಿತು, ಅವರು ಒರೆಸಿದರು.

ಪ್ರಮಾಣಪತ್ರವನ್ನು ಪತ್ರಿಕೆಯ ಮೇಲೆ ನೀನು ಬರೆದ ಹೆಸರಿನಲ್ಲೇ ಮಾಡಿಸಿದ್ದೇನೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರುತ್ತದೆ. ಪೋಸ್ಟ್‌ಮನ್ ಸಹಿ ಕೇಳುತ್ತಾನೆ. ಮನೆಯಲ್ಲಿ ಬೇರೆ ಯಾರಿಗೂ ಬರೆಯಲು ಬರುವುದಿಲ್ಲ. ನೀನೇ ಮಾಡು.

ಸುಬ್ಬಲಕ್ಷ್ಮಿ